ಬೆಲ್ಲಿಗೆ ಕಣ್ಣು ಬಂತು, ಸರಿ. ಕಿವಿ ಯಾಕ್ರೀ?

ನಮ್ಮ ಕ್ರಾಸಲ್ಲಿ ಈಗ ಹದಿನಾಲ್ಕು ಮನೆಗೆ ಏಳು ಕ್ಯಾಮೆರಾ ಬೆಲ್ಲು. ದೀಪಾವಳಿ ಸೇಲಲ್ಲಿ ಶುರುವಾಗಿದ್ದು, ಯುಗಾದಿ ಹೊತ್ತಿಗೆ ಅರ್ಧ ಬೀದಿ ಆಗೋಯ್ತು. ಗೇಟು ತೆಗೆದ ತಕ್ಷಣ ಪುಟ್ಟ ದೀಪ ಉರಿಯತ್ತೆ. ನಾವು ಬೆಲ್ ಒತ್ತೋಕೆ ಮುಂಚೇನೇ ಮನೆಯವರ ಫೋನಿಗೆ ಬಾಗಿಲಲ್ಲಿ ಯಾರೋ ಇದಾರೆ ಅಂತ ಸುದ್ದಿ ಹೋಗಿರತ್ತೆ. ಮನೆಯವರು ಅಂದ್ರೆ ಮನೆ ಒಳಗಿರೋರು ಅಂದ್ಕೋಬೇಡಿ. ಎಷ್ಟೋ ಮನೇಲಿ ಸುದ್ದಿ ಹೋಗೋದು ಆಫೀಸಲ್ಲಿರೋ ಗಂಡನಿಗೆ, ಇಲ್ಲಾ ಅಮೆರಿಕದಲ್ಲಿರೋ ಮಗನಿಗೆ. ಒಳಗಿರೋ ಹೆಂಗಸಿಗೆ ಗೊತ್ತಾಗೋದು ಎಲ್ಲರಿಗಿಂತ ಆಮೇಲೆ. ನನ್ನ ಜಗಳ ಇರೋದು ಅಲ್ಲೇ.

ಮೊದಲೇ ಹೇಳ್ಬಿಡ್ತೀನಿ, ಹಾಕಿಸ್ಬೇಡಿ ಅಂತ ಹೇಳೋಕೆ ನಾನು ಬರೀತಿಲ್ಲ. ಬೆಳಿಗ್ಗೆ ಬಗ್ಗಿ ರಂಗೋಲಿ ಹಾಕೋವಾಗ ಹಿಂದಿಂದ ಬೈಕು ನಿಂತ್ರೆ ಕತ್ತಿಗೆ ಕೈ ಹೋಗೋದು ನಮಗೆಲ್ಲ ಅಭ್ಯಾಸ ಆಗೋಗಿದೆ. ಗ್ಯಾಸ್ ಪೈಪ್ ಚೆಕ್ ಮಾಡ್ಬೇಕು ಅಂತ ಒಬ್ಬ, ಒಟಿಪಿ ಹೇಳಿ ಅಂತ ಇನ್ನೊಬ್ಬ, ದೇವಸ್ಥಾನದ ರಸೀದಿ ಪುಸ್ತಕ ಹಿಡ್ಕೊಂಡು ಮತ್ತೊಬ್ಬ. ಮಂಡಿ ನೋವಿರೋರು ಪ್ರತಿ ಸಲ ಎದ್ದು ಹೋಗಿ ಚಿಲಕ ತೆಗೆಯೋಕಾಗತ್ತಾ? ತೊಂಬತ್ತರ ದಶಕದಲ್ಲಿ ಇದೇ ಬೀದಿಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನೆನಪಿದ್ಯಲ್ಲ? ರಾತ್ರಿ ದೆವ್ವ ಬಂದು ಗೊತ್ತಿರೋರ ದನೀಲಿ ಕರೆಯತ್ತೆ, ಓಗೊಟ್ರೆ ಮುಗೀತು ಅಂತ. ಬಾಗಿಲಾಚೆ ಯಾರಿದಾರೋ ಅನ್ನೋ ಭಯ ನಮಗೆ ಹೊಸದೇನಲ್ಲ. ಸೀಮೆಸುಣ್ಣದಲ್ಲಿ ಬರೆದಿದ್ದಕ್ಕಿಂತ ಕ್ಯಾಮೆರಾ ವಾಸಿ, ಒಪ್ಕೋತೀನಿ.

ಇನ್ನೊಂದು ವಿಷಯ. ಈ ಸಾಮಾನಿನ ಮೂಲ ಹುಡುಕಿದ್ರೆ ಒಬ್ಬ ಹೆಂಗಸೇ ಸಿಗೋದು. ನ್ಯೂಯಾರ್ಕಿನ ಕ್ವೀನ್ಸಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅಂತ ಒಬ್ಬರು ನರ್ಸಿದ್ರು. ಹೊತ್ತಲ್ಲದ ಹೊತ್ತಲ್ಲಿ ಡ್ಯೂಟಿ, ಎಷ್ಟೋ ಸಲ ಮನೇಲಿ ಒಬ್ಬರೇ, ಪೊಲೀಸರನ್ನ ಕರೆದ್ರೆ ಬರೋದು ನಿಧಾನ. ಎಲೆಕ್ಟ್ರಾನಿಕ್ಸ್ ಕೆಲಸ ಗೊತ್ತಿದ್ದ ಗಂಡ ಆಲ್ಬರ್ಟ್ ಜೊತೆ ಸೇರ್ಕೊಂಡು 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ರು, 1969ರ ಡಿಸೆಂಬರಲ್ಲಿ ಸಿಕ್ತು. ಬಾಗಿಲಲ್ಲಿ ಬೇರೆಬೇರೆ ಎತ್ತರಕ್ಕೆ ನಾಲ್ಕು ತೂತು, ಅವುಗಳ ಹಿಂದೆ ಮೇಲೆ ಕೆಳಗೆ ಜರುಗೋ ಕ್ಯಾಮೆರಾ, ಒಳಗೆ ಟೀವಿ ಪರದೆ, ಮಾತಾಡೋಕೆ ಮೈಕು, ಕೂತಲ್ಲಿಂದಲೇ ಬಾಗಿಲು ತೆಗೆಯೋಕೆ ಒಂದು ಗುಂಡಿ, ಪೊಲೀಸರಿಗೆ ಸುದ್ದಿ ಕೊಡೋಕೆ ಇನ್ನೊಂದು. ಇದರಲ್ಲಿ ಗಮನಿಸಬೇಕಾದ್ದು ಪರದೆ ಎಲ್ಲಿತ್ತು ಅನ್ನೋದು. ಅವರ ಮಲಗೋ ಕೋಣೇಲಿ! ಗುಂಡಿ ಅವರ ಕೈಲಿ! ಒಳಗಿರೋ ಹೆಂಗಸು ಹೊರಗಿರೋರನ್ನ ನೋಡೋಕೆ ಅಂತ ಆಕೆ ಮಾಡಿದ ವಸ್ತುವನ್ನ ಅರವತ್ತು ವರ್ಷದಲ್ಲಿ ನಾವು ತಿರುಗಿಸಿ ನಿಲ್ಲಿಸಿದೀವಿ. ಈಗ ಹೊರಗಿರೋರು ಒಳಗಿರೋ ಹೆಂಗಸನ್ನ ನೋಡ್ತಿದಾರೆ.

ಹೇಗೆ ಅಂತ ಕೇಳಿ. ಬೆಲ್ಲು ಬರೀ ಬಂದೋರನ್ನ ಬರ್ಕೊಳಲ್ಲ, ಹೋದೋರನ್ನೂ ಬರ್ಕೊಳತ್ತೆ. ಸೊಸೆ 8.52ಕ್ಕೆ ಹೊರಟ್ಲು, 7.40ಕ್ಕೆ ಬಂದ್ಲು. ಮಗಳನ್ನ ಯಾರು ಗಾಡೀಲಿ ಬಿಟ್ರು. ಅತ್ತೆ ಮಧ್ಯಾಹ್ನ ಎಲ್ಲಿಗೆ ಹೋಗಿದ್ರು. ಕೆಲಸದವಳು ಹತ್ತು ನಿಮಿಷ ತಡ. ನಮ್ಮ ಹಿಂದಿನ ರಸ್ತೆಯ ಒಂದು ಮನೇಲಿ ತಿಂಗಳ ಕೊನೆಗೆ ಫೋನು ತೆಗೆದು, ಈ ದಿನ ಹನ್ನೆರಡು ನಿಮಿಷ, ಆ ದಿನ ಹದಿನೈದು ನಿಮಿಷ ಅಂತ ಲೆಕ್ಕ ಹಾಕಿ ಕೆಲಸದವಳ ಸಂಬಳದಲ್ಲಿ ಮುರ್ಕೊಂಡ್ರು. ಅದೇ ಫೋನಲ್ಲಿ ಆಕೆ ನಲವತ್ತು ನಿಮಿಷ ಜಾಸ್ತಿ ಉಳಿದು ಹಬ್ಬದ ಪಾತ್ರೆ ಬೆಳಗಿ ಹೋದ ದಿನಗಳೂ ಇದ್ವು. ಅದನ್ನ ಯಾರೂ ಕೂಡಿಸಲಿಲ್ಲ. ಕ್ಯಾಮೆರಾ ಸುಳ್ಳು ಹೇಳಲ್ಲ ಅಂತೀರಾ? ನಿಜ. ಕೂಡೋದು ಕಳೆಯೋದು ಮನುಷ್ಯರು ತಾನೇ?

ಮೊದಲು ಮನೆಯ ಬೀಗದ ಕೈ ಅತ್ತೆ ಸೊಂಟದಲ್ಲಿರ್ತಿತ್ತು. ಅದಕ್ಕೂ ನಾವು ಬೇಕಾದಷ್ಟು ಗೊಣಗಿದೀವಿ. ಆದ್ರೆ ಅತ್ತೆ ಮನೇಲಿ ಇರೋರು, ಅವರ ಜೊತೆ ಜಗಳ ಆಡಬಹುದಿತ್ತು, ರಾಜಿ ಮಾಡ್ಕೋಬಹುದಿತ್ತು. ಈಗ ಕೈ ಇರೋದು ಆ್ಯಪಲ್ಲಿ. ಆ್ಯಪಿನ ಯಜಮಾನ ಯಾರ ನಂಬರಿಂದ ರಿಜಿಸ್ಟರ್ ಮಾಡಿದ್ರೋ ಅವರು. ನಿಮ್ಮನೆ ಬೆಲ್ಲು ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ. ಹತ್ತಕ್ಕೆ ಎಂಟು ಮನೇಲಿ ನಿಮ್ಮ ಹೆಸರಲ್ಲಿರಲ್ಲ ಅಂತ ನಾನು ಪಂದ್ಯ ಕಟ್ತೀನಿ.

ಇನ್ನು ಕಿವಿ ವಿಷಯಕ್ಕೆ ಬರ್ತೀನಿ. ಗೋಡೆಗೂ ಕಿವಿ ಇರತ್ತೆ ಅಂತ ಅಜ್ಜಿ ಪಿಸುಗುಡ್ತಿದ್ರು. ಆ ಕಿವೀನ ಈಗ ನಾವೇ ದುಡ್ಡು ಕೊಟ್ಟು, ಮೊಳೆ ಹೊಡೆಸಿ, ವೈಫೈ ಕೊಟ್ಟು ಸಾಕ್ತಿದೀವಿ. ನಮ್ಮ ಹೆಂಗಸರ ಮಾತು ಎಲ್ಲಿ ನಡೆಯತ್ತೆ ಹೇಳಿ? ಹಾಲಲ್ಲಿ ಕೂತು ಕಾಫಿ ಕುಡಿಯೋವಾಗ ಅಲ್ಲ, ಅಲ್ಲಿ ಗಂಡಸರಿರ್ತಾರೆ, ಟೀವಿ ಇರತ್ತೆ. "ಸರಿ ಹೊರಟೆ" ಅಂತ ಎದ್ದು, ಕುಂಕುಮ ಇಟ್ಕೊಂಡು, ಚಪ್ಪಲಿ ಹಾಕ್ಕೊಂಡು, ಹೊಸಿಲ ಹತ್ರ ಮುಕ್ಕಾಲು ಗಂಟೆ ನಿಲ್ತೀವಲ್ಲ, ಆಗ. ಬಯಾಪ್ಸಿ ರಿಪೋರ್ಟು ಬಂದಿದ್ದು ನಾವು ಹೇಳೋದು ಅಲ್ಲಿ. ಐದು ಸಾವಿರ ಕೈಸಾಲ ಕೇಳೋದು ಅಲ್ಲಿ. ಮಗಳ ಮನೇಲಿ ಸರಿಯಿಲ್ಲ ಅಂತ ಕಣ್ಣೀರು ಹಾಕೋದೂ ಅಲ್ಲೇ. ಆ ಮಾತಿಗೆ ಮನೇಲಿ ಬೇರೆ ಜಾಗ ಇಲ್ಲ, ಯಾವತ್ತೂ ಇರಲಿಲ್ಲ. ಅದೇ ಜಾಗಕ್ಕೆ ಮೈಕು ಇಟ್ಟಿದೀವಿ. ಮಾತೆಲ್ಲ ರೆಕಾರ್ಡ್ ಆಗಿ ಯಾವುದೋ ಊರಿನ ಸರ್ವರಿಗೆ ಹೋಗತ್ತೆ, ಸಂಜೆ ಯಾರು ಬೇಕಾದ್ರೂ ಕೇಳ್ಕೋಬಹುದು.

ಇದು ನನ್ನೊಬ್ಬಳ ಕೊಂಕು ಅಂದ್ಕೋಬೇಡಿ. 2021ರ ಅಕ್ಟೋಬರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಕೋರ್ಟಲ್ಲಿ ಹೀಗೇ ಅಕ್ಕಪಕ್ಕದ ಮನೆ ಕೇಸು ತೀರ್ಮಾನ ಆಯ್ತು. ಪಕ್ಕದ ಮನೆಯಾತನ ಡೋರ್‌ಬೆಲ್ ಮತ್ತೆ ಕ್ಯಾಮೆರಾಗಳ ಮೇಲೆ ದೂರು ಕೊಟ್ಟಿದ್ದು ಒಬ್ಬ ಹೆಂಗಸು. ತೀರ್ಪು ಆಕೆ ಕಡೆಗಾಯ್ತು. ಚಿತ್ರಕ್ಕಿಂತ ಧ್ವನಿ ಹಿಡಿಯೋದೇ ಹೆಚ್ಚು ತೊಂದರೆ ಅಂತ ಜಡ್ಜು ಹೇಳಿದ್ರು, ಯಾಕಂದ್ರೆ ಕ್ಯಾಮೆರಾ ನೋಡೋ ಜಾಗಕ್ಕಿಂತ ಆಚೆ ಇರೋರ ಮಾತೂ ಅದಕ್ಕೆ ಕೇಳತ್ತೆ. ಕಂಪನಿಯವರು ಯಾರೂ ನೋಡಲ್ಲ ಅಂತೀರಾ? ಅಮೆಜಾನಿನ ರಿಂಗ್ ಕಂಪನಿ ಮೇಲೆ 2023ರಲ್ಲಿ ಅಮೆರಿಕ ಸರ್ಕಾರದ ಸಂಸ್ಥೆಯೇ ದೂರು ಹಾಕ್ತು, ನೌಕರರು ಗಿರಾಕಿಗಳ ವಿಡಿಯೋ ನೋಡ್ತಿದ್ರು, ಒಬ್ಬನಂತೂ ಹೆಂಗಸರ ಮನೆಯೊಳಗಿನ ಕ್ಯಾಮೆರಾಗಳನ್ನೇ ಹುಡುಕಿ ತಿಂಗಳುಗಟ್ಟಲೆ ನೋಡ್ದ ಅಂತ. ಕಂಪನಿ 58 ಲಕ್ಷ ಡಾಲರ್ ಕೊಡೋಕೆ ಒಪ್ಕೊಂಡು ಮುಗಿಸ್ತು.

ನಮ್ಮ ಕಡೆ ಮನೆಗಳ ಕಥೆ ಗೊತ್ತಲ್ಲ. ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟು ಬೇಡ, ಗಾಳಿ ಬೆಳಕು ಬೇಕು ಅಂತ ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು. ಜಗಲಿ, ಕಾಂಪೌಂಡು, ಹಿಂದೆ ಓಣಿ, ಎಲ್ಲಾ ಇತ್ತು. ಈಗ ಒಂದೊಂದು ಸೈಟು ಅಣ್ಣತಮ್ಮಂದಿರಲ್ಲಿ ಮೂರು ಭಾಗ ಆಗಿ ಗೇಟುಗಳು ಮಾರು ದೂರದಲ್ಲಿವೆ. ಚಾಮರಾಜಪೇಟೆಯ ಹಳೇ ವಠಾರಗಳಲ್ಲಂತೂ ಒಂದು ಬಾಗಿಲಿಗೆ ಇನ್ನೊಂದು ಬಾಗಿಲೇ ಎದುರು. ಈ ಬೆಲ್ಲಿನ ಕಣ್ಣೋ, ಸುಮಾರು 150 ಡಿಗ್ರಿ ಅಗಲ. ನಿಮ್ಮ ಹೊಸಿಲು ನೋಡೋಕೆ ಹಾಕಿಸಿದ್ದು ಎದುರು ಮನೆಯವಳು ತಲೆ ಸ್ನಾನ ಮಾಡಿ ಕೂದಲು ಒಣಗಿಸ್ಕೊಳೋದನ್ನೂ ನೋಡತ್ತೆ. ಆಕೆ ಒಪ್ಪಿಗೆ ಕೇಳಿದ್ರಾ?

"ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?" ಅಂತ ಕೇಳ್ತಾರೆ. ಹಾಗಾದ್ರೆ ಕಿಟಕಿಗೆ ಪರದೆ ಯಾಕೆ ಹಾಕ್ತೀರಿ? ನಾದಿನಿ ಫೋನು ಬಂದ್ರೆ ಟೆರೇಸಿಗೆ ಯಾಕೆ ಹೋಗ್ತೀರಿ? ಮುಚ್ಚಿಡೋದು ಬೇರೆ, ಮರ್ಯಾದೆ ಬೇರೆ. ಅದನ್ನ ದೇಶಕ್ಕೇ ಹೇಳಿಸಿದೋರು ನಮ್ಮೂರಲ್ಲೇ ಇದ್ರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ವಿಚಾರವಾಗಿ 2012ರಲ್ಲಿ, 86ನೇ ವಯಸ್ಸಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು. 2017ರ ಆಗಸ್ಟ್ 24ಕ್ಕೆ ಒಂಬತ್ತು ಜನ ನ್ಯಾಯಮೂರ್ತಿಗಳು ಸೇರಿ ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಕೋಲ್ಕತ್ತದಲ್ಲಿ ಒಂದೇ ಮನೇಲಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆ ಇಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಹಾಕಿಸಿದಾಗ, ಅದು ಸರಿಯಲ್ಲ ಅಂತ ಅಲ್ಲಿನ ಹೈಕೋರ್ಟು ಹೇಳ್ತು, 2025ರ ಮೇನಲ್ಲಿ ಸುಪ್ರೀಂ ಕೋರ್ಟೂ ಅದನ್ನ ಬದಲಾಯಿಸಲಿಲ್ಲ. ಕೂಡುಮನೆಯೋರು ಇದನ್ನ ನೆನಪಿಟ್ಕೊಳಿ.

"ಪೊಲೀಸ್ ರೂಲ್ಸು, ಹಾಕಿಸ್ಲೇಬೇಕು" ಅನ್ನೋರಿಗೂ ಒಂದು ಮಾತು. 2017ರ ಕರ್ನಾಟಕದ ಸಾರ್ವಜನಿಕ ಸುರಕ್ಷತೆ ಕಾಯ್ದೆ ಇರೋದು ಹೆಚ್ಚು ಜನ ಸೇರೋ ಜಾಗಗಳಿಗೆ, ನಿಮ್ಮ ಅಡುಗೆಮನೆ ದಾರಿಗಲ್ಲ. ಹಾಗಂತ ಕಾನೂನು ಬಂದು ನಮ್ಮ ಕ್ರಾಸನ್ನ ಕಾಯತ್ತೆ ಅಂತಲೂ ಕಾಯ್ಬೇಡಿ. 2023ರ ಡಿಜಿಟಲ್ ಮಾಹಿತಿ ಸಂರಕ್ಷಣೆ ಕಾಯ್ದೆ, ಮನುಷ್ಯ ತನ್ನ ಸ್ವಂತಕ್ಕೆ, ಮನೆಬಳಕೆಗೆ ಇಟ್ಕೊಂಡಿದ್ದಕ್ಕೆ ಅನ್ವಯ ಆಗಲ್ಲ ಅಂತ ತಾನೇ ಹೇಳತ್ತೆ. ಅಂದ್ರೆ ಹೊಸಿಲ ಮರ್ಯಾದೆ ಕಾಯೋ ಕೆಲಸ ನಮ್ಮ ತಲೆ ಮೇಲೇ ಬಿತ್ತು.

ಇಷ್ಟೆಲ್ಲ ಯಾಕೆ ಬಿಸಿ ಆಗಿದೀನಿ ಅಂದ್ರೆ ಕಾರಣ ಇದೆ. ನಮ್ಮ ಸಾಲಲ್ಲಿ 78 ವರ್ಷದ ಒಬ್ಬ ದೊಡ್ಡೋರಿದಾರೆ, ಒಬ್ಬರೇ ಇರೋದು. ಮಧ್ಯಾಹ್ನ ಎರಡೂವರೆ ಆದ್ರೆ ನಾವು ಮೂರು ಜನ ಅವರ ಜಗಲೀಲಿ ಹಾಜರು. ಹೂಬತ್ತಿ ಹೊಸೆಯೋದು, ಅವರೆಕಾಯಿ ಕಾಲದಲ್ಲಿ ಸುಲಿಯೋದು. ಮಗ ಪ್ರೀತಿಯಿಂದಲೇ ಬೆಲ್ಲು ಹಾಕಿಸ್ದ, ಅದರಲ್ಲಿ ಅನುಮಾನ ಇಲ್ಲ. ಒಂದು ದಿನ ನಾವು ಮಾತಾಡ್ತಾ ಇರೋವಾಗ ಗೋಡೆ ಒಳಗಿಂದ "ಅಮ್ಮಾ, ಮಾತ್ರೆ ತಗೊಂಡ್ಯಾ?" ಅಂತ ದನಿ ಬಂತು. ನಕ್ವಿ. ಮಾರನೇ ದಿನದಿಂದ ಮಾತು ಕಮ್ಮಿ ಆಯ್ತು. ಸೊಸೇರ ವಿಷಯ ಹೋಯ್ತು, ದುಡ್ಡಿನ ವಿಷಯ ಹೋಯ್ತು, ಬರೀ ಬಿಸಿಲು ಮಳೆ ಉಳೀತು. ಒಬ್ಬರಿಗೆ ಕೆಲಸ ಬಂತು, ಇನ್ನೊಬ್ಬರಿಗೆ ಮಂಡಿನೋವು ಬಂತು. ಎರಡು ತಿಂಗಳಲ್ಲಿ ಜಗಲಿ ಖಾಲಿ.

ಆಮೇಲೊಂದು ದಿನ ಮಧ್ಯಾಹ್ನ ಅವರು ಬಚ್ಚಲಲ್ಲಿ ಜಾರಿ ಬಿದ್ರು. ಬೆಲ್ಲಿನ ಕಡೆಯಿಂದ ಮಗನಿಗೆ ಒಂದೂ ಸುದ್ದಿ ಹೋಗಲಿಲ್ಲ. ಯಾಕೆ ಹೋಗತ್ತೆ? ಯಾರಾದ್ರೂ ಓಡಾಡಿದ್ರೆ ಹೇಳೋದು ಅದರ ಕೆಲಸ. ಯಾರೂ ಓಡಾಡಲಿಲ್ಲ ಅಂತ ಹೇಳೋದು ಅದಕ್ಕೆ ಬರಲ್ಲ. ಅವನ ಲೆಕ್ಕದಲ್ಲಿ ಬಾಗಿಲು ಶಾಂತವಾಗಿತ್ತು. ಮಾರನೇ ಬೆಳಿಗ್ಗೆ ಹೂವಿನವಳು ಬಂದು, ರಂಗೋಲಿ ಬಿದ್ದಿಲ್ಲ, ಹಾಲಿನ ಪ್ಯಾಕೆಟ್ಟು ಹಾಗೇ ಇದೆ ಅಂತ ಪಕ್ಕದ್ಮನೆ ಗೇಟು ಬಡಿದಿದ್ದಕ್ಕೆ ಗೊತ್ತಾಯ್ತು. ಸೊಂಟದ ಮೂಳೆ ಮುರಿದಿತ್ತು, ಜೀವ ಉಳೀತು. ಹಳೇ ಪದ್ಧತಿ ಇದ್ದಿದ್ರೆ ಎರಡೂವರೆಗೆ ಗೊತ್ತಾಗ್ತಿತ್ತು. ಈಗ ಹೇಳಿ, ಆ ಮನೆಗೆ ಕಾವಲಿದ್ದಿದ್ದು ಯಾವುದು? ಬೆಲ್ಲೋ, ಬತ್ತಿ ಹೊಸೆಯೋ ಮೂರು ಜನಾನೋ?

ಹಾಗಾಗಿ ಹಾಕಿಸೋರು ಹಾಕಿಸಿ, ಆದ್ರೆ ಹೀಗೆ ಹಾಕಿಸಿ. ಆ್ಯಪಿನ ಮುಖ್ಯ ಖಾತೆ ಮನೇಲಿರೋ ಹೆಂಗಸಿನ ಫೋನಲ್ಲಿರಲಿ, ಬೇರೆಯೋರಿಗೆ ತೋರಿಸೋದು ಬಿಡೋದು ಆಕೆ ಇಷ್ಟ. ಸೆಟ್ಟಿಂಗ್ಸಲ್ಲಿ ಧ್ವನಿ ರೆಕಾರ್ಡಿಂಗ್ ಆಫ್ ಮಾಡಿ, ಬೆಲ್ ಒತ್ತಿದಾಗ ಮಾತಾಡೋಕೆ ಮೈಕಿದ್ರೆ ಸಾಕು. ಕ್ಯಾಮೆರಾನ ಕೆಳಗೆ ಬಗ್ಗಿಸಿ ನಿಮ್ಮ ಹೊಸಿಲು, ನಿಮ್ಮ ಗೇಟು ಮಾತ್ರ ಕಾಣೋ ಹಾಗೆ ಕೂರಿಸಿ. ಎದುರುಮನೆ ಜಾಗಕ್ಕೆ ಕಪ್ಪು ಬಳಿಯೋ ಸೌಕರ್ಯ ಬಹಳ ಆ್ಯಪುಗಳಲ್ಲಿದೆ, ಕೂರಿಸೋ ಹುಡುಗನ ಕೈಲೇ ಮಾಡಿಸಿ. ಹಳೇ ವಿಡಿಯೋ ಒಂದು ವಾರಕ್ಕೆ ಅಳಿಸ್ಕೊಳ್ಳೋ ಹಾಗೆ ಇಡಿ. ಬಂದ ಪಾಸ್‌ವರ್ಡು ಬದಲಾಯಿಸಿ, ಆ ಹುಡುಗ ತನ್ನ ಫೋನಿಂದ ಲಾಗೌಟ್ ಆದ್ನಾ ನೋಡಿ. ಕೆಲಸದವಳಿಗೆ, ಹೂವಿನವಳಿಗೆ, ಎದುರು ಮನೆಯವರಿಗೆ ಇಲ್ಲಿ ಕ್ಯಾಮೆರಾ ಇದೆ ಅಂತ ಬಾಯ್ಬಿಟ್ಟು ಹೇಳಿ. ನಿಜವಾದ ಗಾಬರಿಗೆ 112 ಇದೆ. ಬೆಂಗಳೂರಿನ ಹಿರಿಯರಿಗೆ 1090 ಸಹಾಯವಾಣಿ ಇದೆ. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ.

ದೂರದಲ್ಲಿರೋ ಮಕ್ಕಳಿಗೂ ಹೇಳಿ, ಬೆಲ್ಲು ಕಳಿಸಿದ್ದು ಸಂತೋಷ, ಆದ್ರೆ ಅಮ್ಮನ ಪಕ್ಕದ ಮನೆಯವರ ನಂಬರೂ ನಿಮ್ಮ ಫೋನಲ್ಲಿರಲಿ ಅಂತ. ತಿಂಗಳಿಗೊಂದ್ಸಲ ಅವರಿಗೆ ಫೋನ್ ಮಾಡಿ ಚೆನ್ನಾಗಿದೀರಾ ಅಂತ ಕೇಳಲಿ. ಅದಕ್ಕೆ ಸಬ್‌ಸ್ಕ್ರಿಪ್ಷನ್ ಕಟ್ಟೋದೇನಿಲ್ಲ.

ಶ್ರಾವಣ ಬರ್ತಿದೆ. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಕರೆಯೋಕೆ ಎಲ್ಲರ ಮನೆಗೂ ಬರ್ತೀನಿ. ಬೆಲ್ ಒತ್ತಲ್ಲ, ಗೇಟಲ್ಲಿ ನಿಂತು ಹೆಸರು ಹಿಡಿದು ಮೂರು ಸಲ ಕೂಗ್ತೀನಿ. ದೆವ್ವ ಅಲ್ಲ, ನಾನೇ. ಬಾಗಿಲು ತೆಗೆದು ಆಚೆ ಬನ್ನಿ, ಮಾತಾಡೋದು ಬಹಳ ಇದೆ.