ಗಡ್ಡಿ ಕರಗೇತೋ, ಬೆಳದೇತೋ?

ಫೈನಲ್ ಇಯರ್ ಪ್ರಾಜೆಕ್ಟ್‌ಗಳ ಪಟ್ಟಿ ತೆಗೆದು ನೋಡ್ರಿ, 'ಬ್ರೇನ್ ಟ್ಯೂಮರ್ ಡಿಟೆಕ್ಷನ್ ಯೂಸಿಂಗ್ ಸಿಎನ್‌ಎನ್' ಅನ್ನೋದು ಒಂದಾದರೂ ಇದ್ದೇ ಇರುತ್ತದೆ. ಕ್ಯಾಗಲ್‌ನಿಂದ ಡೇಟಾ ಇಳಿಸಿಕೊಳ್ಳೋದು, ಮಾಡೆಲ್ ಟ್ರೇನ್ ಮಾಡೋದು, ತೊಂಬತ್ತೆಂಟು ಪರ್ಸೆಂಟ್ ಅಂತ ಪಿಪಿಟಿಗೆ ಹಾಕೋದು. ಗೈಡ್ ಖುಷಿ, ನಾವೂ ಖುಷಿ. ನನ್ನ ತಕರಾರು ಇಷ್ಟೇ: ನಮ್ಮ ಕಡೆಯ ರೋಗಿ ಕೇಳುವ ಪ್ರಶ್ನೆ ಅದಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಊರಲ್ಲಿ ಯಾರಿಗಾದರೂ ಫಿಟ್ಸ್ ಬಂದು, ಸ್ಕ್ಯಾನ್ ಮಾಡಿಸಿದಾಗ ಮೆದುಳಲ್ಲಿ ದೊಡ್ಡ ಗಡ್ಡೆ ಇದ್ದರೆ ರೇಡಿಯಾಲಜಿಸ್ಟ್ ಕಣ್ಣಿಗೆ ಅದು ಬೇಗನೇ ಬೀಳುತ್ತದೆ. ಕಷ್ಟದ ಪ್ರಶ್ನೆ ಆಮೇಲೆ ಬರೋದು. ಆಪರೇಷನ್ ಆಗಿ, ಕರೆಂಟ್ ಕೊಟ್ಟು, ಹೊಲ ಒತ್ತಿ ಇಟ್ಟು ಗುಳಿಗೆ ತಂದ ಮೇಲೆ ಮನೆಯವರು ಕೇಳ್ತಾರೆ: "ಸಾಹೇಬ್ರ, ಗಡ್ಡಿ ಕರಗೇತೇನ್ರಿ?"

ಇದಕ್ಕೆ ಒಂದು ಸ್ಕ್ಯಾನ್ ನೋಡಿ ಉತ್ತರ ಹೇಳಲು ಆಗುವುದಿಲ್ಲ. ಗ್ಲಿಯೋಬ್ಲಾಸ್ಟೊಮಾ ಎಂಬ ಕೆಟ್ಟ ಗಡ್ಡೆಗೆ 2005ರಿಂದ ರೂಢಿಯಲ್ಲಿರುವ ಚಿಕಿತ್ಸೆ ಎಂದರೆ ಆರು ವಾರ, 30 ಸಲ, ಒಟ್ಟು 60 ಗ್ರೇ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಗುಳಿಗೆ. ಮುಗಿದ ಮೇಲೆ ಗ್ಯಾಡೊಲಿನಿಯಂ ಕೊಟ್ಟು ಎಂಆರ್‌ಐ ಮಾಡುತ್ತಾರೆ. ಆ ಔಷಧ ಬಣ್ಣ ಹಚ್ಚಿದಂತೆ ಗಡ್ಡೆಗೇ ಅಂಟಿಕೊಳ್ಳೋದಿಲ್ಲ. ರಕ್ತನಾಳದ ತಡೆಗೋಡೆ ಎಲ್ಲಿ ಒಡೆದಿದೆಯೋ ಅಲ್ಲಿ ಸೋರುತ್ತದೆ, ಆ ಜಾಗ ಬೆಳ್ಳಗೆ ಕಾಣುತ್ತದೆ. ರೇಡಿಯೇಷನ್ ಕೂಡ ಗೋಡೆ ಒಡೆಯುತ್ತದೆಯಲ್ಲ! ಹಾಗಾಗಿ ಮೊದಲ ಮೂರು ತಿಂಗಳಲ್ಲಿ ಚಿಕಿತ್ಸೆ ಫಲ ಕೊಡುತ್ತಿದ್ದರೂ ಬಿಳಿ ಭಾಗ ದೊಡ್ಡದಾಗಬಹುದು. ಇದಕ್ಕೆ ಸೂಡೋಪ್ರೊಗ್ರೆಶನ್ ಅಂತಾರೆ. ಉಲ್ಟಾನೂ ಆಗುತ್ತದೆ: ಬೆವಾಸಿಜುಮ್ಯಾಬ್ ಕೊಟ್ಟರೆ ಸೋರಿಕೆ ನಿಂತು, ಗಡ್ಡೆ ಇದ್ದರೂ ಬಿಳಿ ಮಾಯವಾಗುತ್ತದೆ. ಸ್ಟೆರಾಯ್ಡ್ ಡೋಸ್ ಬದಲಾದರೂ ಚಿತ್ರ ಬದಲಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನೋದು ಇಲ್ಲಿ ಅಕ್ಷರಶಃ ನಿಜ.

ಅದಕ್ಕೇ ವೈದ್ಯರು ನಿಯಮ ಮಾಡಿಕೊಂಡರು. 1990ರಲ್ಲಿ ಮ್ಯಾಕ್‌ಡೊನಾಲ್ಡ್ ಮಾನದಂಡ, 2010ರಲ್ಲಿ ರ‍್ಯಾನೊ, 2023ರಲ್ಲಿ ಅದರ ಪರಿಷ್ಕರಣೆ. ಒಳಗಿನ ಲೆಕ್ಕ ನಮಗೆ ನೀರು ಕುಡಿದಷ್ಟು ಸುಲಭ. ಬಿಳಿ ಭಾಗದ ಅತಿ ಉದ್ದದ ಅಳತೆ, ಅದಕ್ಕೆ ಲಂಬವಾದ ಅಳತೆ, ಎರಡನ್ನೂ ಗುಣಿಸಬೇಕು. ಅರ್ಧಕ್ಕೆ ಇಳಿದರೆ ಚಿಕಿತ್ಸೆಗೆ ಸ್ಪಂದನೆ, ಶೇ. 25 ಏರಿದರೆ ರೋಗ ಬೆಳೆದಿದೆ, ನಡುವೆ ಇದ್ದರೆ ಸ್ಥಿರ. ಸ್ಟೆರಾಯ್ಡ್ ಮತ್ತು ರೋಗಿಯ ಸ್ಥಿತಿಯನ್ನೂ ಜೊತೆಗೆ ನೋಡಬೇಕು.

ಈಗ ಲೆಕ್ಕ ಹಾಕಿ. ಮೊದಲು 30 × 20 ಮಿ.ಮೀ., ಅಂದರೆ 600. ಮುಂದಿನ ಸ್ಕ್ಯಾನ್‌ನಲ್ಲಿ 32 × 22 ಬಂದರೆ 704, ಸುಮಾರು ಶೇ. 17 ಏರಿಕೆ, ಸ್ಥಿರ. 33 × 23 ಬಂದರೆ 759, ಶೇ. 26 ದಾಟಿತು, ಬೆಳೆದಿದೆ! ನಡುವೆ ಇರೋದು ಎರಡೂ ಕಡೆ ಒಂದೊಂದು ಮಿಲಿಮೀಟರ್. ಮಷಿನ್ ಬದಲಾದರೆ, ತಲೆ ಸ್ವಲ್ಪ ವಾಲಿದರೆ, ಸ್ಲೈಸ್ 5 ಮಿ.ಮೀ. ದಪ್ಪ ಇದ್ದರೆ ಅಷ್ಟು ಫರಕು ತಾನಾಗಿಯೇ ಬರುತ್ತದೆ. ಆ ಒಂದು ಮಿಲಿಮೀಟರ್ ಮೇಲೆ ಗುಳಿಗೆ ಮುಂದುವರಿಸೋದೋ ಬಿಡೋದೋ ಅನ್ನೋ ಮಾತು ನಿಂತಿರಬಹುದು.

ನಮ್ಮ ಮಂದಿ ತಿರುಗುವ ದಾರಿ ನೋಡಿ. ಮೊದಲ ಸ್ಕ್ಯಾನ್ ವಿಜಯಪುರದಲ್ಲಿ. ಆಪರೇಷನ್ ಇಂಡಿಯವರಿಗೆ ಸೊಲ್ಲಾಪುರ, ಮತ್ತೊಬ್ಬರಿಗೆ ಮೀರಜ್ ಅಥವಾ ಹುಬ್ಬಳ್ಳಿ, ಇನ್ನೊಬ್ಬರಿಗೆ ಐನೂರು ಕಿಲೋಮೀಟರ್ ದಾಟಿ ನಿಮ್ಹಾನ್ಸ್. ರೇಡಿಯೇಷನ್ ಕಿದ್ವಾಯಿಯಲ್ಲಿ. ಫಾಲೋಅಪ್ ಎಲ್ಲಿ ಅಗ್ಗವೋ ಅಲ್ಲಿ. ಹಳೇ ಫಿಲ್ಮ್ ಸೀರೆ ಅಂಗಡಿಯ ಕೈಚೀಲದಲ್ಲಿ ಮಡಚಿಕೊಂಡು ಕೂತಿರುತ್ತದೆ, ಸೀಡಿ ಕಳೆದಿರುತ್ತದೆ. ಫಿಲ್ಮ್‌ನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಡೈಕಾಮ್ ಫೈಲ್‌ನ ಹೆಡರ್‌ನಲ್ಲಿದ್ದ ಪಿಕ್ಸೆಲ್ ಅಳತೆ, ಸ್ಲೈಸ್ ದಪ್ಪ ಯಾವುದೂ ಆ ಫೋಟೋದಲ್ಲಿ ಇರುವುದಿಲ್ಲ.

ಕ್ಯಾಗಲ್‌ನಿಂದ ನಾವು ಇಳಿಸಿಕೊಳ್ಳುವ ಜೆಪಿಜಿಗಳೂ ಹೀಗೇ: ಮಿಲಿಮೀಟರೂ ಇಲ್ಲ, ತಾರೀಖೂ ಇಲ್ಲ. ಬಹಳ ಪ್ರಾಜೆಕ್ಟ್‌ಗಳ ಮೂಲವಾದ ಒಂದು ಡೇಟಾಸೆಟ್‌ನಲ್ಲಿ 3064 ಚಿತ್ರಗಳಿವೆ, ರೋಗಿಗಳು 233 ಮಾತ್ರ. ಚಿತ್ರಗಳನ್ನು ಕಲಸಿ ಟ್ರೇನ್, ಟೆಸ್ಟ್ ಮಾಡಿದರೆ ಒಬ್ಬನೇ ರೋಗಿಯ ತಲೆ ಎರಡೂ ಕಡೆ ಬರುತ್ತದೆ. ತೊಂಬತ್ತೆಂಟು ಬರದೇ ಇನ್ನೇನು ಬಂದೀತು?

ಡಿಟೆಕ್ಷನ್ ಕೆಲಸಕ್ಕೆ ಬಾರದ್ದು ಅಂತ ಹೇಳ್ತಿಲ್ಲ. ರೇಡಿಯಾಲಜಿಸ್ಟ್ ಇಲ್ಲದ ಕಡೆ ಅದೂ ಬೇಕು. ಆದರೆ ನಾಲ್ಕು ಜನರ ಒಂದು ಬ್ಯಾಚ್ ಎರಡು ತಾರೀಖಿನ ಡೈಕಾಮ್ ತಗೊಂಡು, ಹೆಸರು ಅಳಿಸಿ, ತಲೆಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸಿ, ಬದಲಾವಣೆಯನ್ನು ಪಕ್ಕದಲ್ಲಿ ತೋರಿಸುವ ಸಾಫ್ಟ್‌ವೇರ್ ಮಾಡಿದರೆ ನನಗೆ ಅದೇ ದೊಡ್ಡ ಪ್ರಾಜೆಕ್ಟ್. ತೀರ್ಪು ಡಾಕ್ಟರದ್ದೇ ಇರಲಿ. 3ಡಿ ಸ್ಲೈಸರ್ ಪುಕ್ಕಟೆ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ಆಸ್ಪತ್ರೆಯ ಲುಮಿಯೆರ್ ಡೇಟಾಸೆಟ್‌ನಲ್ಲಿ 91 ರೋಗಿಗಳ ಬೇರೆ ಬೇರೆ ತಾರೀಖಿನ ಸ್ಕ್ಯಾನ್‌ಗಳು, ರ‍್ಯಾನೊ ತೀರ್ಮಾನದ ಸಮೇತ ಇವೆ. ಅದರಿಂದ ಶುರು ಮಾಡಬಹುದು. ನಮ್ಮ ಆಸ್ಪತ್ರೆಗಳ ಡೇಟಾ ಬೇಕಾದರೆ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಬೇಕು. ತಡ ಆಗ್ತದೆ, ಆದ್ದರಿಂದ ಆರನೇ ಸೆಮ್‌ನಲ್ಲೇ ಹಾಕಿ.

ಪ್ರಾಜೆಕ್ಟ್ ಮಾಡಲಿ ಬಿಡಲಿ, ಈ ಸಲ ಊರಿಗೆ ಹೋದಾಗ ಮನೆಯಲ್ಲೋ ಓಣಿಯಲ್ಲೋ ಯಾರದಾದರೂ ಸ್ಕ್ಯಾನ್ ಸೀಡಿ ಇದ್ದರೆ, ಅವರನ್ನು ಕೇಳಿ, ಪೂರ್ತಿ ಫೋಲ್ಡರ್ ಅವರದೇ ಪೆನ್‌ಡ್ರೈವ್‌ಗೆ ಹಾಕಿ, ಮೇಲೆ ತಾರೀಖು ಬರೆದು ಕೊಟ್ಟು ಬನ್ನಿ.