ಜ್ಞಾಪಕಶಕ್ತಿಯೂ ಕಿವಿಗೆ ಕೇಳಿಸದ ನಾದವೂ

ನಮ್ಮ ಶಾಲೆಯ ಪೂರ್ವವಿದ್ಯಾರ್ಥಿನಿಯೊಬ್ಬರು ಈ ವರ್ಷ ನಮಗೊಂದು ಪತ್ರವನ್ನು ಬರೆದರು. ಅವರ ತಾಯಿಯವರೂ ಇದೇ ಶಾಲೆಯಲ್ಲಿ ಓದಿದವರು. ಈಗ ಮರೆವಿನ ವ್ಯಾಧಿಗೆ ಗುರಿಯಾಗಿ, ಮಗಳನ್ನೇ ಒಮ್ಮೊಮ್ಮೆ ನೆರೆಯವಳೆಂದು ತಿಳಿಯುತ್ತಾರಂತೆ. ತಲೆಯನ್ನು ಕೊಯ್ಯದೆ, ಹೊರಗಿನಿಂದಲೇ ಶಬ್ದತರಂಗಗಳನ್ನು ಮಿದುಳಿಗೆ ಕಳುಹಿಸಿ ನೆನಪನ್ನು ಮರಳಿ ತರುವ ಉಪಾಯವೊಂದು ಬಂದಿರುವುದಾಗಿ ಕೇಳಿದ್ದೇವೆ, ಇದ್ದ ಹೊಲವನ್ನು ಮಾರಿಯಾದರೂ ಅದನ್ನು ಮಾಡಿಸಬಹುದೇ ಎಂಬುದು ಅವರ ಪ್ರಶ್ನೆ. ಅದೇ ತಿಂಗಳಿನಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆಯವರು ನಮ್ಮ ಕೊಠಡಿಗೆ ಬಂದು, ಅದೇ ಉಪಾಯದಿಂದ ಮಗಳಿಗೆ ಪಾಠಗಳು ಬೇಗನೆ ಬಾಯಿಗೆ ಬರುವಂತೆ ಮಾಡಿಸಬಹುದೇ ಎಂದು ವಿಚಾರಿಸಿದರು.

ನಾವು ವೈದ್ಯಶಾಸ್ತ್ರವನ್ನು ಕಲಿತವರಲ್ಲ. ಆದರೆ ಮಕ್ಕಳ ಜ್ಞಾಪಕಶಕ್ತಿಯೊಡನೆ ದಿನವೂ ವ್ಯವಹರಿಸುವುದೇ ನಮ್ಮ ವೃತ್ತಿಯಾದುದರಿಂದ, ಈ ವಿಷಯವನ್ನು ಸಾಧ್ಯವಾದಷ್ಟು ಓದಿ ತಿಳಿದು ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಎಣಿಸಿದೆವು. ಕೇಳಿದ ಯಂತ್ರವು ಒಂದೇ ಆದರೂ ಪ್ರಶ್ನೆಗಳು ಎರಡು. ಎರಡಕ್ಕೂ ಒಂದೇ ಉತ್ತರ ಸಲ್ಲದು. ರೋಗಿಯ ವಿಷಯದಲ್ಲಿ ಎಚ್ಚರಿಕೆಯಿಂದ ಕೂಡಿದ ನಿರೀಕ್ಷೆಯೂ, ಆರೋಗ್ಯವಂತಳಾದ ಬಾಲಿಕೆಯ ವಿಷಯದಲ್ಲಿ ದೃಢವಾದ ನಿರಾಕರಣೆಯೂ ತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಮೊದಲು ಈ ಉಪಾಯವು ಏನೆಂಬುದನ್ನು ನೋಡೋಣ. ಮನುಷ್ಯನ ಕಿವಿಗೆ ಕೇಳಿಸುವ ನಾದವು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನದು. ಅದಕ್ಕೂ ಮೇಲ್ಪಟ್ಟ ಕಂಪನಗಳುಳ್ಳ ನಾದವನ್ನೇ ಅಲ್ಟ್ರಾಸೌಂಡ್ ಎನ್ನುತ್ತಾರೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಫ್ರಾನ್ಸ್ ದೇಶದ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಹಾಯಿಸಿದರೆ ಅವೇ ಹರಳುಗಳು ಅದಿರಿ ಇಂಥ ನಾದವನ್ನು ಹೊರಡಿಸುತ್ತವೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದನ್ನು ಸಮುದ್ರದೊಳಗಿನ ಶತ್ರುನೌಕೆಗಳನ್ನು ಪತ್ತೆಹಚ್ಚಲು ಉಪಯೋಗಿಸತೊಡಗಿದರು. ಇಂದು ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಪರೀಕ್ಷೆಯೂ ಇದರಿಂದಲೇ ನಡೆಯುತ್ತದೆಂಬುದು ನಮ್ಮ ತಾಯಂದಿರೆಲ್ಲರಿಗೂ ತಿಳಿದ ಸಂಗತಿ.

ಭೂತಗನ್ನಡಿಯು ಬಿಸಿಲನ್ನು ಒಂದು ಬಿಂದುವಿನಲ್ಲಿ ಕೂಡಿಸುವಂತೆ ಈ ನಾದವನ್ನೂ ಒಂದು ಸಣ್ಣ ಸ್ಥಳದಲ್ಲಿ ಕೂಡಿಸಬಹುದು. ಪ್ರಬಲವಾಗಿ ಕೂಡಿಸಿದರೆ ಆ ಸ್ಥಳವು ಕಾದು ಸುಟ್ಟುಹೋಗುತ್ತದೆ. ಕೈನಡುಕದ ರೋಗಿಗಳಿಗೆ ಹೀಗೆ ಮಿದುಳಿನ ಒಂದು ಅಲ್ಪ ಭಾಗವನ್ನು ಸುಡುವ ಚಿಕಿತ್ಸೆಗೆ ಅಮೇರಿಕಾ ದೇಶದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಮಂದವಾಗಿ ಕೂಡಿಸಿದರೆ ಸುಡದೆ, ನರಕೋಶಗಳ ಪೊರೆಯನ್ನು ಸೂಕ್ಷ್ಮವಾಗಿ ಅಲುಗಿಸಿ ಅವುಗಳನ್ನು ಎಚ್ಚರಿಸುತ್ತದೆ, ಇಲ್ಲವೆ ಸುಮ್ಮನಿರಿಸುತ್ತದೆ. ಇದೇನೂ ನಿನ್ನೆ ಮೊನ್ನೆಯ ಆಲೋಚನೆಯಲ್ಲ. 1929ರಲ್ಲಿಯೇ ನ್ಯೂಟನ್ ಹಾರ್ವಿ ಎಂಬ ಅಮೇರಿಕದ ವಿದ್ವಾಂಸರು ಕಪ್ಪೆ ಆಮೆಗಳ ಸ್ನಾಯುಗಳು ಈ ನಾದಕ್ಕೆ ಓಗೊಡುವುದನ್ನು ತೋರಿಸಿದ್ದರು. 2014ರಲ್ಲಿ ಮನುಷ್ಯರ ತಲೆಬುರುಡೆಯ ಹೊರಗಿನಿಂದಲೇ ಇದನ್ನು ಸ್ಪರ್ಶಜ್ಞಾನದ ಸ್ಥಾನಕ್ಕೆ ಕಳುಹಿಸಿದಾಗ, ಬೆರಳಿನ ಸೂಕ್ಷ್ಮಸ್ಪರ್ಶವು ಆ ಹೊತ್ತಿಗೆ ಹೆಚ್ಚು ಚುರುಕಾಯಿತೆಂದು ಪ್ರಕಟವಾಯಿತು.

ಜ್ಞಾಪಕಶಕ್ತಿಗೂ ಇದಕ್ಕೂ ಏನು ಸಂಬಂಧ? ಮಿದುಳಿನೊಳಗೆ ಎರಡು ಪಾರ್ಶ್ವಗಳಲ್ಲಿಯೂ ಕಡಲಕುದುರೆಯ ಆಕಾರದ ಹಿಪೊಕ್ಯಾಂಪಸ್ ಎಂಬ ಭಾಗವುಂಟು. 1953ರಲ್ಲಿ ಹೆನ್ರಿ ಮೊಲೇಸನ್ ಎಂಬ 27 ವರ್ಷದ ಅಮೇರಿಕದ ಯುವಕನಿಗೆ, ಮೂರ್ಛಾರೋಗವನ್ನು ನೀಗಿಸಬೇಕೆಂದು ಈ ಭಾಗಗಳ ಬಹ್ವಂಶವನ್ನು ತೆಗೆದುಹಾಕಿದರು. ಮೂರ್ಛೆಗಳು ಬಹಳ ಮಟ್ಟಿಗೆ ಕಡಿಮೆಯಾದವು. ಆದರೆ ಆ ದಿನ ಮೊದಲುಗೊಂಡು 2008ರಲ್ಲಿ ಮರಣ ಹೊಂದುವವರೆಗೆ ಆತನು ಹೊಸ ಸಂಗತಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಲಾರದವನಾಗಿದ್ದನು. ಆತನ ದುಃಖದಿಂದಲೇ ಲೋಕಕ್ಕೆ ಈ ಭಾಗದ ಬೆಲೆ ಗೊತ್ತಾಯಿತು. ಮರೆವಿನ ವ್ಯಾಧಿಯು ಬೇಗನೆ ಹಾಳುಮಾಡುವ ಭಾಗಗಳಲ್ಲಿಯೂ ಇದೊಂದು. ತಲೆಯ ಹೊರಗಿನಿಂದ ಕೊಡುವ ವಿದ್ಯುತ್ತಾಗಲಿ ಅಯಸ್ಕಾಂತದ ಶಕ್ತಿಯಾಗಲಿ ಇಷ್ಟು ಆಳದಲ್ಲಿ ಒಂದು ಸಣ್ಣ ಸ್ಥಳವನ್ನು ಆರಿಸಿ ತಾಗುವುದು ಕಷ್ಟ. ನಾದವು ಅಲ್ಲಿಗೂ ಮುಟ್ಟಬಲ್ಲದು. ಪಂಡಿತರಿಗೆ ಇದರಲ್ಲಿ ಇರುವ ಆಸಕ್ತಿಗೆ ಕಾರಣವಿದು.

ಇನ್ನು ಫಲವೇನೆಂಬುದನ್ನು ಉಬ್ಬಿಸದೆ ಹೇಳಬೇಕು. 2015ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದವರು, ಮರೆವಿನ ವ್ಯಾಧಿಗೆ ಸಮಾನವಾದ ರೋಗವುಳ್ಳ ಇಲಿಗಳಿಗೆ ಈ ಚಿಕಿತ್ಸೆ ಮಾಡಿ, ಮಿದುಳಿನಲ್ಲಿ ಕೂಡಿಕೊಂಡ ಕಲ್ಮಷವು ಕರಗಿ ನೆನಪು ಸುಧಾರಿಸಿತೆಂದು ತಿಳಿಸಿದರು. ಆದರೆ ಇಲಿಯು ಮನುಷ್ಯನಲ್ಲ. 2018ರಲ್ಲಿ ಕೆನಡಾದ ಟೊರಾಂಟೊದಲ್ಲಿ ಐವರು ರೋಗಿಗಳಿಗೆ, ರಕ್ತಕ್ಕೂ ಮಿದುಳಿಗೂ ನಡುವಣ ತಡೆಯನ್ನು ನಾದದಿಂದ ಸ್ವಲ್ಪ ತೆರೆಯಲಾಯಿತು. ಅದು ಒಂದು ದಿನದೊಳಗೆ ಪುನಃ ಮುಚ್ಚಿಕೊಂಡಿತು. ದೊಡ್ಡ ಅಪಾಯವಾಗಲಿಲ್ಲ, ಜ್ಞಾಪಕದಲ್ಲಿ ಹೇಳತಕ್ಕ ಸುಧಾರಣೆಯೂ ಕಾಣಲಿಲ್ಲ. 2020ರಲ್ಲಿ ವಿಯೆನ್ನಾದ ವೈದ್ಯರು 35 ಮಂದಿ ರೋಗಿಗಳಿಗೆ ಸಣ್ಣ ಸಣ್ಣ ನಾದದ ಮಿಡಿತಗಳನ್ನು ಕೊಟ್ಟು, ಮೂರು ತಿಂಗಳವರೆಗೂ ಪರೀಕ್ಷೆಯ ಅಂಕಗಳು ಮೇಲಾದವೆಂದು ಬರೆದರು. ಆದರೆ ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಬೇರೊಂದು ಗುಂಪು ಅಲ್ಲಿರಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿ 60 ಮಂದಿಗೆ ಸರದಿಯಂತೆ ನಿಜವಾದ ಚಿಕಿತ್ಸೆಯನ್ನೂ ಹುಸಿಚಿಕಿತ್ಸೆಯನ್ನೂ ಕೊಟ್ಟು ನೋಡಿ 2025ರಲ್ಲಿ ಪ್ರಕಟಿಸಿದಾಗ, ಪ್ರಯೋಜನವು ಮುಖ್ಯವಾಗಿ 70 ವರ್ಷ ಮೀರದವರಲ್ಲಿ ಕಂಡುಬಂದಿತು.

ಇಷ್ಟರಿಂದ ನಾವು ತಿಳಿಯತಕ್ಕದ್ದೇನು? ದಾರಿಯು ತೋರುತ್ತಿದೆ, ಊರು ಇನ್ನೂ ಬಂದಿಲ್ಲ. ಆದುದರಿಂದ ಪತ್ರ ಬರೆದ ನಮ್ಮ ಪ್ರಿಯ ಸಹೋದರಿಗೆ ನಾವು ಕೊಟ್ಟ ಉತ್ತರವಿದು: ಹೊಲವನ್ನು ಮಾರಬೇಡಿರಿ. ಯಾವ ದೊಡ್ಡ ಆಸ್ಪತ್ರೆಯಲ್ಲಿಯಾದರೂ ಈ ವಿಷಯದ ಪರೀಕ್ಷೆಯು ಕ್ರಮವಾಗಿ ನಡೆಯುವುದಾದರೆ, ನಿಮ್ಮ ವೈದ್ಯರ ಸಲಹೆಯಂತೆ ತಾಯಿಯವರನ್ನು ಅದಕ್ಕೆ ಸೇರಿಸುವ ವಿಚಾರ ಮಾಡಬಹುದು. ಆದರೆ ಅಲ್ಲಿ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಇದನ್ನು ನಡಿಸಲು ಸರಕಾರದ ನಿಯಮದಂತೆ ಅನುಮತಿಯುಂಟೇ? ಅಪಾಯಗಳೇನೆಂದು ನಮ್ಮ ಭಾಷೆಯಲ್ಲಿ ಬರೆದು ಕೊಡುವಿರೋ? ರೋಗಿಯಿಂದ ಹಣ ತೆಗೆದುಕೊಳ್ಳುವಿರೋ? ಪರೀಕ್ಷೆಯ ಹಂತದಲ್ಲಿರುವುದನ್ನು ಸಿದ್ಧೌಷಧವೆಂದು ಹೇಳಿ ದೊಡ್ಡ ಮೊತ್ತವನ್ನು ಕೇಳುವವರಿದ್ದರೆ ಅಲ್ಲಿಂದ ಎದ್ದು ಬರುವುದೇ ಬುದ್ಧಿವಂತಿಕೆ. ತನ್ನ ಒಪ್ಪಿಗೆಯನ್ನು ತಾನೇ ಹೇಳಲಾರದ ತಾಯಿಯ ಪರವಾಗಿ ಒಪ್ಪುವವರು ಎರಡು ಪಟ್ಟು ಜಾಗ್ರತೆಯುಳ್ಳವರಾಗಿರಬೇಕು.

ಆ ಪತ್ರದ ಕೊನೆಯಲ್ಲಿದ್ದ ಒಂದು ಸಾಲು ನಮ್ಮನ್ನು ಹೆಚ್ಚು ಕಳವಳಗೊಳಿಸಿತು. ಅಜ್ಜಿಯನ್ನು ನೋಡಿಕೊಳ್ಳುವುದಕ್ಕೆ ಬೇರೆ ಯಾರೂ ಇಲ್ಲದುದರಿಂದ ಒಂಬತ್ತನೆಯ ತರಗತಿಯ ಮೊಮ್ಮಗಳನ್ನು ವಾರದಲ್ಲಿ ಎರಡು ಮೂರು ದಿನ ಮನೆಯಲ್ಲಿ ನಿಲ್ಲಿಸಿಕೊಳ್ಳುತ್ತೇವೆಂದು ಬರೆದಿದ್ದರು. ನಮ್ಮ ದೇಶದಲ್ಲಿ 60 ವರ್ಷ ಮೀರಿದವರೊಳಗೆ ನೂರಕ್ಕೆ 7ಕ್ಕಿಂತ ಹೆಚ್ಚು ಜನ, ಅಂದರೆ ಸುಮಾರು 88 ಲಕ್ಷ ಮಂದಿ, ಇಂಥ ವ್ಯಾಧಿಯುಳ್ಳವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಅವರಲ್ಲಿ ಗಂಡಸರಿಗಿಂತ ಹೆಂಗಸರ ಪ್ರಮಾಣವೇ ಹೆಚ್ಚು. ರೋಗ ಬರುವುದು ಹೆಂಗಸರಿಗೆ ಹೆಚ್ಚು. ಶುಶ್ರೂಷೆಯ ಭಾರ ಬೀಳುವುದೂ ಹೆಂಗಸರ ಮೇಲೆಯೇ. ಆ ಭಾರಕ್ಕಾಗಿ ಪುಸ್ತಕವನ್ನು ಕೆಳಗಿಡುವವಳು ಮನೆಯ ಹುಡುಗಿ, ಹುಡುಗನಲ್ಲ. ಅಜ್ಜಿಯ ನೆನಪು ಒಂದು ದಿನ ಯಂತ್ರದಿಂದ ಮರಳಬಹುದು. ಮೊಮ್ಮಗಳು ಕಳೆದುಕೊಂಡ ವಿದ್ಯೆಯ ವರ್ಷಗಳನ್ನು ಯಾವ ಯಂತ್ರವೂ ಮರಳಿಸದು. ಚಿಕ್ಕಪ್ಪ, ಸೋದರಮಾವ, ಅಣ್ಣ, ಸಭೆಯ ಹಿರಿಯರು, ನೆರೆಯವರು ಎಲ್ಲರೂ ದಿನಗಳನ್ನು ಹಂಚಿಕೊಂಡರೆ ಒಬ್ಬಳ ಶಾಲೆ ತಪ್ಪದು.

ಈಗ ಎರಡನೆಯ ಪ್ರಶ್ನೆ. ಆ ತಂದೆಯವರು ಮಗಳ ಮೇಲಣ ಪ್ರೀತಿಯಿಂದಲೇ ಕೇಳಿದರು. ಅವರನ್ನು ನಾವು ಹಳಿಯುವುದಿಲ್ಲ. ಕಣ್ಣು ಮಂದವಾದ ಮಗುವಿಗೆ ಕನ್ನಡಕ ಕೊಡಿಸುವುದಿಲ್ಲವೇ, ನೆನಪು ಮಂದವಾದರೆ ಯಂತ್ರದ ಸಹಾಯವೇಕೆ ಬೇಡವೆಂದು ಅವರು ವಾದಿಸಿದರು. ವಾದವು ಸುಳ್ಳಲ್ಲ; ಹೋಲಿಕೆಯು ಸರಿಯಲ್ಲ. ಕನ್ನಡಕವು ಕಣ್ಣಿನ ಹೊರಗೆ ನಿಲ್ಲುತ್ತದೆ, ಬೇಡವೆಂದಾಗ ತೆಗೆದಿಡಬಹುದು. ಇದೋ, ಇನ್ನೂ ಬೆಳೆಯುತ್ತಿರುವ ಮಿದುಳನ್ನು ಒಳಗಿನಿಂದ ಅಲುಗಿಸುವ ಕೆಲಸ. ನಾವು ಮೇಲೆ ಹೇಳಿದ ಚಿಕಿತ್ಸೆಗಳೆಲ್ಲವೂ ರೋಗಿಗಳಾದ ವಯಸ್ಕರಿಗೆ ಮಾಡಿದವು; ಅವುಗಳಿಂದ ಆರೋಗ್ಯವುಳ್ಳ ಶಾಲಾಬಾಲಿಕೆಯ ಪಾಠಕ್ಕೆ ಲಾಭವೆಂದು ಹೇಳಲು ಆಧಾರವಿಲ್ಲ. ಆ ಹುಡುಗಿಯ ನೆನಪಿನಲ್ಲಿ ರೋಗವಿರಲಿಲ್ಲ. ಓದುವ ಕ್ರಮದಲ್ಲಿ ಮಾತ್ರ ತಪ್ಪಿತ್ತು. ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿದ್ದು ಅದೇ ಪುಟವನ್ನು ಮರಳಿ ಮರಳಿ ಓದುತ್ತಿದ್ದಳು.

2006ರಲ್ಲಿ ಅಮೇರಿಕದ ಇಬ್ಬರು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಬೇರೆ ಕೆಲವರು ಒಂದು ಸರದಿ ಮಾತ್ರ ಓದಿ, ಉಳಿದ ಮೂರು ಸರದಿ ಪಾಠವನ್ನು ನೋಡದೆ ನೆನಪಿನಿಂದಲೇ ಬರೆದರು. ಐದು ನಿಮಿಷಗಳ ತರುವಾಯ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ತರುವಾಯವಾದರೋ, ಓದಿದವರಿಗೆ ನೂರಕ್ಕೆ ಸುಮಾರು 40 ಭಾಗವೂ, ನೆನೆದು ಬರೆದವರಿಗೆ ಸುಮಾರು 61 ಭಾಗವೂ ಉಳಿದಿತ್ತು. ನಮ್ಮ ಹಿರಿಯರು ಮಗ್ಗಿಯನ್ನು ದಿನವೂ ಒಪ್ಪಿಸಲು ಹೇಳಿದ್ದೂ, ಭಾನುವಾರದ ಶಾಲೆಯಲ್ಲಿ ಕಂಠಪಾಠದ ವಾಕ್ಯಗಳನ್ನು ಪುಸ್ತಕ ಮುಚ್ಚಿ ಕೇಳಿದ್ದೂ ವ್ಯರ್ಥವಾಗಿರಲಿಲ್ಲವೆಂದಾಯಿತು. ಪುಸ್ತಕ ಮುಚ್ಚಿ ನೆನೆಯುವುದು, ಎರಡು ದಿನ ಬಿಟ್ಟು ಪುನಃ ನೆನೆಯುವುದು, ಸಾಕಷ್ಟು ನಿದ್ರೆ ಮಾಡುವುದು. ಇವು ಮೂರಕ್ಕೂ ಖರ್ಚಿಲ್ಲ, ಅಪಾಯವೂ ಇಲ್ಲ.

ಇನ್ನೊಂದು ಕಾರಣವನ್ನೂ ಹೆಣ್ಣುಮಕ್ಕಳ ಶಾಲೆಯವರಾದ ನಾವು ಹೇಳದಿರಲಾರೆವು. ಇದೇ ಕಿವಿಗೆ ಕೇಳಿಸದ ನಾದವು ನಮ್ಮ ದೇಶಕ್ಕೆ ತಾಯಿ ಮಗುವಿನ ರಕ್ಷಣೆಗಾಗಿ ಬಂದಿತು. ಆದರೆ ಹುಟ್ಟಲಿರುವುದು ಹೆಣ್ಣೆಂದು ತಿಳಿದು ಅದನ್ನು ತೆಗೆಸಿಹಾಕುವುದಕ್ಕೂ ಅದನ್ನೇ ಉಪಯೋಗಿಸಿದರು. 1994ರಲ್ಲಿ ಅದನ್ನು ನಿಷೇಧಿಸುವ ಶಾಸನವಾಯಿತು. ಆದಾಗ್ಯೂ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆಯು 1991ರ ಜನಗಣತಿಯಲ್ಲಿ 945 ಇದ್ದದ್ದು 2001ರಲ್ಲಿ 927ಕ್ಕೆ ಇಳಿಯಿತು. ಯಂತ್ರವು ತಾನಾಗಿ ಪುಣ್ಯವನ್ನೂ ಮಾಡದು, ಪಾಪವನ್ನೂ ಮಾಡದು. ಹಿಡಿದ ಕೈಯ ಹಿಂದಿನ ಆಸೆಯೇ ಅದನ್ನು ನಡಿಸುತ್ತದೆ. ಹುಟ್ಟುವ ಮೊದಲು ಹೆಣ್ಣು ಬೇಡವೆಂದವರಿದ್ದರು. ಹುಟ್ಟಿದ ಹೆಣ್ಣು ಇದ್ದಂತೆ ಸಾಲದು, ಅವಳ ಮಿದುಳನ್ನೂ ತಿದ್ದಬೇಕು ಎಂಬ ಆಸೆಗೆ ನಾವು ಎಡೆಗೊಡಬಾರದು. ದೇವರು ಕೊಟ್ಟ ಮಗುವನ್ನು ಮೊದಲು ಅಂಗೀಕರಿಸಿ, ಆಮೇಲೆ ಕಲಿಸುವುದೇ ವಿದ್ಯಾಭ್ಯಾಸದ ಕ್ರಮ.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ಪೋಷಕರೇ, ನಾವು ಹೊಸ ಶೋಧನೆಗಳಿಗೆ ವಿರೋಧಿಗಳಲ್ಲ. ಈ ನಾದವು ಮುಂದೆ ಮರೆವಿನ ವ್ಯಾಧಿಯನ್ನು ನೀಗಿಸುವುದಾದರೆ ನಾವು ಮೊದಲು ದೇವರಿಗೆ ಸ್ತೋತ್ರ ಹೇಳುವವರಾಗಿರುವೆವು. ಅಲ್ಲಿಯವರೆಗೆ ಮರೆತುಹೋದವರಿಗಾಗಿ ನೆನಪಿಟ್ಟುಕೊಳ್ಳುವ ಕೆಲಸವು ನಮ್ಮದು. ಕರ್ತನ ಮೇಜಿನ ಸುತ್ತ ನಾವು ಕೂಡುವುದೂ ಸ್ಮರಣಾರ್ಥವಾಗಿಯೇ ಅಲ್ಲವೇ? ತಾಯಿ ಮಗಳ ಹೆಸರನ್ನು ಮರೆತರೂ ಮಗಳು ತಾಯಿಯ ಹೆಸರಿಡಿದು ಕರೆದು, ಕೈಹಿಡಿದು, ಹಳೆಯ ಸಂಗತಿಗಳನ್ನು ಹೇಳುತ್ತಿರಲಿ. ಆ ಒಂಬತ್ತನೆಯ ತರಗತಿಯ ಬಾಲಿಕೆಯು ಈಗ ದಿನವೂ ಶಾಲೆಗೆ ಬರುತ್ತಿದ್ದಾಳೆ. ವಾರದಲ್ಲಿ ಎರಡು ದಿನ ಅವಳ ಸೋದರಮಾವನವರು ಅಜ್ಜಿಯ ಬಳಿಯಲ್ಲಿ ಕುಳಿತುಕೊಳ್ಳುತ್ತಾರೆಂದು ತಿಳಿಸಲು ನಮಗೆ ಸಂತೋಷವಾಗುತ್ತದೆ.