ಮುಳ್ಳು ನಿಜವನ್ನು ಹೇಳಬೇಕು

ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರನು 1883ರಲ್ಲಿ ಪ್ರಕಟಿಸಿದ ಪ್ರಯೋಗಗಳ ವರದಿಯಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ರೈಲುಬಂಡಿಯ ಅಚ್ಚು ಬೇರಿಂಗಿನೊಳಗೆ ತಿರುಗುವಾಗ ಎಣ್ಣೆ ಹೇಗೆ ವರ್ತಿಸುತ್ತದೆ ಎಂಬುದನ್ನು ಅವನು ಪರೀಕ್ಷಿಸುತ್ತಿದ್ದನು. ಎಣ್ಣೆ ಬಿಡುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆಯಿಸಿದನು. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಒಳಗಿಳಿಯುವ ಬದಲು ಆ ರಂಧ್ರದಿಂದಲೇ ಮೇಲಕ್ಕೆ ಉಕ್ಕಿ ಬಂದಿತು. ಬಿರಟೆಯಿಂದ ಮುಚ್ಚಿದರೆ ಬಿರಟೆ ನಿಲ್ಲಲಿಲ್ಲ; ಮರದ ಬೆಣೆಯನ್ನು ಬಡಿದರೆ ಅದೂ ಹೊರಕ್ಕೆ ತಳ್ಳಲ್ಪಟ್ಟಿತು. ಕೊನೆಗೆ ಆ ರಂಧ್ರಕ್ಕೆ ಒಂದು ಒತ್ತಡಮಾಪಕವನ್ನೇ ಜೋಡಿಸಿದನು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರಂಗುಲಕ್ಕೆ 100 ಪೌಂಡು ಮಾತ್ರ. ಮಾಪಕದ ಮುಳ್ಳಾದರೋ 200 ಪೌಂಡನ್ನೂ ದಾಟಿತು.

ಅಚ್ಚು ಲೋಹದ ಮೇಲೆ ಕುಳಿತಿರಲಿಲ್ಲ; ತನ್ನ ಸುತ್ತಾಟದಿಂದಲೇ ಎಳೆದುಕೊಂಡ ಎಣ್ಣೆಯ ಪೊರೆಯ ಮೇಲೆ ತೇಲುತ್ತಿತ್ತು. ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿಯು 1886ರಲ್ಲಿ ಈ ಪೊರೆಯ ಗಣಿತವನ್ನು ಬಿಡಿಸಿ ತೋರಿಸಿದನು. ಇಂದು ಎಂಜಿನ್ನಿನ ಬೇರಿಂಗನ್ನು ರಚಿಸುವವರು ಆ ಗಣಿತಕ್ಕೆ ಋಣಿಗಳು. ಕಣ್ಣಿಗೆ ಕಾಣದ ಸತ್ಯವೊಂದನ್ನು ಒಂದು ಸಾಮಾನ್ಯ ಮಾಪಕ ಬಯಲಿಗೆಳೆಯಿತು ಎಂಬುದನ್ನು ನಾವು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈ ಹಳೆಯ ಕಥೆಯನ್ನು ಈಗ ಏಕೆ ನೆನೆಯಬೇಕೆಂದು ವಾಚಕರು ಕೇಳಬಹುದು. ಟರ್ಬೋ ಅಳವಡಿಸಿದ ಕಾರುಗಳು ಇಂದು ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿವೆ. ಯಂತ್ರಗಳಲ್ಲಿ ಆಸಕ್ತಿಯುಳ್ಳ ತರುಣರು ಅಂತಹ ಕಾರಿಗೆ ಎಣ್ಣೆಯ ಒತ್ತಡ, ಎಣ್ಣೆಯ ಉಷ್ಣತೆ ಇವುಗಳನ್ನು ತೋರಿಸುವ ಗೇಜುಗಳನ್ನು ಬೇರೆಯಾಗಿ ಕೊಂಡು ತಂದು ಜೋಡಿಸುವುದುಂಟು. ಇದು ಬರಿಯ ಶೋಕಿಯೆಂದು ಹಿರಿಯರು ಗದರುತ್ತಾರೆ. ಇದಿಲ್ಲದಿದ್ದರೆ ಎಂಜಿನ್ನು ಉಳಿಯದೆಂದು ಗೆಳೆಯರು ಹುರಿದುಂಬಿಸುತ್ತಾರೆ. ನಮ್ಮ ಅಭಿಪ್ರಾಯ ಈ ಎರಡೂ ಅಲ್ಲ. ಗಾಡಿ ನಡೆಸುವವನಿಗೆ ನಿಜವಾದ ಅಂಕಿಯನ್ನು ತಿಳಿಯುವ ಹಕ್ಕಿದೆ. ಆದರೆ ಆ ಅಂಕಿಯನ್ನು ನಿಜವಾಗಿರಿಸುವ ಹೊಣೆಯನ್ನೂ ಅವನೇ ಹೊರಬೇಕು.

ಮೊದಲು ಟರ್ಬೋ ಎಂದರೇನೆಂಬುದನ್ನು ನೋಡೋಣ. ಎಂಜಿನ್ನಿನಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಇಂಧನವನ್ನು ಉರಿಸಬಹುದು. ಸಣ್ಣ ಎಂಜಿನ್ನು ದೊಡ್ಡದರ ಕೆಲಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಈ ಉಪಾಯಕ್ಕೆ ಪೇಟೆಂಟು ಪಡೆದನು. ಮಾರಾಟದ ಕಾರುಗಳಿಗೆ ಅದು ಬಂದುದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಕಾರುಗಳಲ್ಲಿ.

ಕಾರಿನ ಎಂಜಿನ್ನು ನಿಮಿಷಕ್ಕೆ ಆರು ಸಾವಿರ ಸುತ್ತು ಸುತ್ತಿದರೆ ಅದೇ ಬಹಳವೆನ್ನುತ್ತೇವೆ. ಟರ್ಬೋವಿನ ದಂಡವಾದರೋ ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನು ಸುಲಭವಾಗಿ ಮೀರುತ್ತದೆ. ಚಿಕ್ಕ ಟರ್ಬೋಗಳಲ್ಲಿ ಎರಡು ಲಕ್ಷವನ್ನು ದಾಟುವುದೂ ಉಂಟು. ಪೆಟ್ರೋಲ್ ಎಂಜಿನ್ನಿನಲ್ಲಿ ಅದರ ಒಂದು ತುದಿಗೆ ತಗಲುವ ಹೊಗೆಯ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ಸನ್ನೂ ಮುಟ್ಟಬಲ್ಲದು. ಸಾಮಾನ್ಯ ರಚನೆಯಲ್ಲಿ ಇಂತಹ ದಂಡವನ್ನು ಎತ್ತಿ ಹಿಡಿದಿರುವುದು ಟವರ್ ಕಂಡ ಅದೇ ಎಣ್ಣೆಯ ಪೊರೆ. ಅದರ ದಪ್ಪ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಆ ಎಣ್ಣೆ ದಂಡವನ್ನು ತೇಲಿಸುವುದಲ್ಲದೆ ಅದರ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಘಟ್ಟವನ್ನು ರಭಸದಿಂದ ಹತ್ತಿ ಬಂದು ಒಡನೆಯೇ ಎಂಜಿನ್ನನ್ನು ಆರಿಸಬಾರದೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ. ಹರಿವು ನಿಂತ ಎಣ್ಣೆ ಆ ಬಿಸಿಯಲ್ಲಿ ಕರಿಕಟ್ಟಿ, ಮುಂದೆ ಬರುವ ಎಣ್ಣೆಯ ದಾರಿಯನ್ನು ಮುಚ್ಚುತ್ತದೆ. ಟರ್ಬೋವಿನ ಸುತ್ತ ನೀರು ಹರಿಯಿಸುವ ಈಗಿನ ರಚನೆಗಳಲ್ಲಿ ಈ ಭಯ ಕಡಮೆಯಾಗಿದೆಯೇ ಹೊರತು ಇಲ್ಲವಾಗಿಲ್ಲ.

ಇಷ್ಟು ಮುಖ್ಯವಾದ ಎಣ್ಣೆಯ ವಿಚಾರವಾಗಿ ಕಾರು ನಮಗೆ ಏನು ತಿಳಿಸುತ್ತದೆ? ಸಾಮಾನ್ಯವಾಗಿ ಎಣ್ಣೆಗಿಂಡಿಯ ಚಿತ್ರವುಳ್ಳ ಒಂದು ಕೆಂಪು ದೀಪ, ಅಷ್ಟೆ. ಅನೇಕ ಕಾರುಗಳಲ್ಲಿ ಎಣ್ಣೆಯ ಒತ್ತಡ ಅರ್ಧ ಬಾರ್‌ಗೂ ಕೆಳಗಿಳಿದಾಗ ಮಾತ್ರ ಇದು ಹೊತ್ತಿಕೊಳ್ಳುತ್ತದೆ. ಬಾರ್ ಎಂದರೆ ಚದರಂಗುಲಕ್ಕೆ ಸುಮಾರು 14.5 ಪೌಂಡು. ಬಿಸಿಯಾದ ಎಂಜಿನ್ನು ವೇಗವಾಗಿ ಸುತ್ತುವಾಗ ಮೂರು ನಾಲ್ಕು ಬಾರ್ ಒತ್ತಡ ಇರಬೇಕಾದುದು ವಾಡಿಕೆ. ಅದು ಎರಡಕ್ಕೆ, ಒಂದಕ್ಕೆ ಇಳಿಯುತ್ತ ಬಂದರೂ ದೀಪ ಸುಮ್ಮನಿರುತ್ತದೆ. ದೀಪವು ತೀರ್ಪನ್ನು ಹೇಳುತ್ತದೆ, ವಿಚಾರಣೆಯನ್ನು ತೋರಿಸುವುದಿಲ್ಲ. ಅನೇಕ ವೇಳೆ ತೀರ್ಪು ಹೊರಬೀಳುವ ಹೊತ್ತಿಗೆ ಶಿಕ್ಷೆಯೂ ಮುಗಿದಿರುತ್ತದೆ.

ಇದಕ್ಕಿಂತ ಹೆಚ್ಚು ಆಕ್ಷೇಪಾರ್ಹವಾದುದು ಮತ್ತೊಂದಿದೆ. 1980ರ ದಶಕದ ಕೊನೆಯ ವರ್ಷಗಳಿಂದ ಫೋರ್ಡ್ ಕಂಪನಿಯ ಅನೇಕ ಗಾಡಿಗಳಲ್ಲಿಯೂ, 1995ರ ಮಾದರಿಯಿಂದ ಮಾಜ್ದಾ ಎಂಎಕ್ಸ್-5 ಕಾರಿನಲ್ಲಿಯೂ ಎಣ್ಣೆಯ ಒತ್ತಡಕ್ಕೆ ಗೇಜು ಇದ್ದಿತು, ಮುಳ್ಳೂ ಇದ್ದಿತು. ಆದರೆ ಅದರ ಹಿಂದೆ ಇದ್ದುದು ದೀಪಕ್ಕೆ ಇರುವಂತಹ ಒಂದು ಸ್ವಿಚ್ಚು ಮಾತ್ರ. ಒತ್ತಡ ಒಂದು ಅಲ್ಪ ಮಿತಿಯನ್ನು ದಾಟಿದರೆ ಮುಳ್ಳು ನಡುವೆ ಬಂದು ನಿಲ್ಲುತ್ತಿತ್ತು. ಮುಂದೆ ಒತ್ತಡ ಎಷ್ಟೇ ಏರಿದರೂ ಇಳಿದರೂ ಅದು ಮಿಸುಕುತ್ತಿರಲಿಲ್ಲ. ಮುಳ್ಳು ಆಡಿದರೆ ಗಿರಾಕಿಗಳು ಸುಮ್ಮನೆ ಗಾಬರಿಗೊಂಡು ಕಾರ್ಖಾನೆಗೆ ಓಡಿಬರುತ್ತಾರೆ ಎಂಬುದು ಇಂತಹ ರಚನೆಗೆ ಕೊಡುವ ಸಮಾಧಾನ.

ಈ ಸಮಾಧಾನವನ್ನು ನಾವು ಒಪ್ಪಲಾರೆವು. ಗಾಡಿ ನಡೆಸುವವರಲ್ಲಿ ಬಹುಮಂದಿಗೆ ಅಂಕಿಗಳು ಬೇಡವೆಂಬುದು ನಿಜವಿರಬಹುದು. ಬೇಡದವರಿಗೆ ದೀಪವೊಂದೇ ಸಾಕು. ದೀಪವು ತಾನು ದೀಪವೆಂದೇ ಹೇಳಿಕೊಳ್ಳುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಗೇಜಿನ ವೇಷ ತೊಟ್ಟ ದೀಪ ಬೇರೆ. ಅದು ಅಜ್ಞಾನವನ್ನು ಜ್ಞಾನವೆಂದು ನಂಬಿಸುತ್ತದೆ. ಜ್ವರ ಎಷ್ಟಿದ್ದರೂ 98.4 ಎಂದೇ ತೋರಿಸುವ ಥರ್ಮಾಮೀಟರನ್ನು, ರೋಗಿ ಹೆದರದಿರಲಿ ಎಂಬ ದಯೆಯಿಂದ ಯಾವ ವೈದ್ಯನಾದರೂ ಬಳಸುವನೆ? ಇಂದಿನ ಅನೇಕ ಕಾರುಗಳಲ್ಲಿ ಎಣ್ಣೆಯ ಒತ್ತಡವನ್ನು ಅಳೆಯುವ ಸೆನ್ಸರು, ಎಂದರೆ ಸಂವೇದಕ, ಆಗಲೇ ಇರುತ್ತದೆ. ಎಂಜಿನ್ನಿನ ಕಂಪ್ಯೂಟರು ಆ ಅಂಕಿಯನ್ನು ಬಲ್ಲದು. ಒಡೆಯನಿಗೆ ಮಾತ್ರ ಅದು ಕಾಣುವುದಿಲ್ಲ. ಕೇಳಿದವರಿಗೆ ಅದನ್ನು ತೋರಿಸುವುದರಿಂದ ತಯಾರಕರಿಗೆ ಆಗುವ ನಷ್ಟವೇನೆಂಬುದು ನಮಗೆ ತಿಳಿಯದು.

ಹೀಗಿರುವಾಗ ತರುಣರು ತಾವೇ ಒಂದು ಗೇಜನ್ನು ಜೋಡಿಸಲು ಹೊರಟರೆ ಅದು ತಪ್ಪಲ್ಲ. ಆದರೆ ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಒತ್ತಡವೇ ಹರಿವಲ್ಲ. ತೋಟಕ್ಕೆ ನೀರು ಬಿಡುವ ಕೊಳವೆಯ ಬಾಯನ್ನು ಬೆರಳಿನಿಂದ ಅದುಮಿದರೆ ಕೊಳವೆಯೊಳಗಿನ ಒತ್ತಡ ಏರುತ್ತದೆ. ಗಿಡಕ್ಕೆ ಬೀಳುವ ನೀರು ಕಡಮೆಯಾಗುತ್ತದೆ. ಅಂತೆಯೇ ಟರ್ಬೋಗೆ ಹೋಗುವ ಸಣ್ಣ ದಾರಿಯೊಂದು ಕರಿಕಟ್ಟಿ ಮುಚ್ಚಿಹೋದರೂ ಎಂಜಿನ್ನಿನ ಮುಖ್ಯ ಕಾಲುವೆಯಲ್ಲಿರುವ ಗೇಜು ಎಲ್ಲವೂ ಕ್ಷೇಮವೆಂದೇ ಹೇಳಬಹುದು.

ಎಣ್ಣೆಯ ಉಷ್ಣತೆಯನ್ನು ತಿಳಿಯದೆ ಒತ್ತಡದ ಅಂಕಿಗೆ ಅರ್ಥ ಹೇಳುವುದೂ ಕಷ್ಟ. ಈಗ ಬಹಳವಾಗಿ ಬಳಕೆಯಲ್ಲಿರುವ 5ಡಬ್ಲ್ಯು-30 ಎಂಬ ದರ್ಜೆಯ ಎಣ್ಣೆ 40 ಡಿಗ್ರಿಯಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ತೆಳುವಾಗಿರುತ್ತದೆ. ಮುಂಜಾನೆಯ ಚಳಿಯಲ್ಲಿ ಗೇಜು ಐದು ಬಾರ್ ತೋರಿಸಿತೆಂದು ಹಿಗ್ಗಬೇಕಾಗಿಲ್ಲ. ಮಧ್ಯಾಹ್ನ ಘಟ್ಟ ಹತ್ತಿದ ಮೇಲೆ ನಿಂತಲ್ಲಿ ಒಂದೂವರೆ ಬಾರ್ ತೋರಿಸಿತೆಂದು ಎದೆಗುಂದಬೇಕಾಗಿಲ್ಲ. ಒತ್ತಡ, ಉಷ್ಣತೆ, ಎಂಜಿನ್ನಿನ ಸುತ್ತು ಈ ಮೂರನ್ನು ಒಟ್ಟಿಗೆ ಓದಿದಾಗಲೇ ಅರ್ಥ ಹೊರಡುತ್ತದೆ. ಆದುದರಿಂದ ಒಂದು ಗೇಜಿಗೆ ಮಾತ್ರ ಹಣವಿದ್ದವನು ಇನ್ನಷ್ಟು ಕೂಡಿಸಿ ಎರಡನ್ನೂ ಕೊಳ್ಳುವುದು ಮೇಲು.

ಇನ್ನು ಜೋಡಣೆಯ ಮಾತು. ಮೋಸದ ಗೇಜನ್ನು ಕಂಪನಿಗಳೇ ಮಾಡಬೇಕೆಂದಿಲ್ಲ. ಅರಿಯದೆ ನಾವೂ ಮಾಡಬಲ್ಲೆವು. ಹಳೆಯ ಬಗೆಯ ಒತ್ತಡದ ಸೆನ್ಸರುಗಳಲ್ಲಿ ಯೂರೋಪಿನ ಒಂದು ರೂಢಿಯಂತೆ ಒತ್ತಡ ಸೊನ್ನೆಯಿದ್ದಾಗ ವಿದ್ಯುತ್ತಿನ ತಡೆ 10 ಓಮ್, ಪೂರ್ತಿಯಿದ್ದಾಗ ಸುಮಾರು 180 ಓಮ್. ಅಮೆರಿಕದ ರೂಢಿ ಇದಕ್ಕೆ ತಲೆಕೆಳಗು: ಸೊನ್ನೆಗೆ 240, ಪೂರ್ತಿಗೆ 33. ಒಂದರ ಸೆನ್ಸರಿಗೆ ಇನ್ನೊಂದರ ಗೇಜನ್ನು ಕೂಡಿಸಿದರೆ, ಎಣ್ಣೆಯೆಲ್ಲ ಸೋರಿಹೋಗಿ ಒತ್ತಡ ಸೊನ್ನೆಗಿಳಿದ ಗಳಿಗೆಯಲ್ಲಿಯೇ ಮುಳ್ಳು ಪೂರ್ತಿ ಏರಿ ನಿಂತಿರುತ್ತದೆ! ಇದಕ್ಕಿಂತ ದೀಪವೇ ಎಷ್ಟೋ ಲೇಸು.

ಥ್ರೆಡ್ಡುಗಳಲ್ಲಿಯೂ ಇಂತಹದೇ ಒಂದು ಬಲೆಯಿದೆ. ಅಂಗುಲದ ಎಂಟನೆಯ ಒಂದು ಭಾಗವೆಂದು ಕರೆಯುವ ಅಳತೆಯಲ್ಲಿ ಅಮೆರಿಕದ ಥ್ರೆಡ್ಡಿಗೆ ಅಂಗುಲಕ್ಕೆ 27 ಸುತ್ತು. ಬ್ರಿಟನ್ನಿನಲ್ಲಿ ಹುಟ್ಟಿ ಜಪಾನಿನಲ್ಲಿ ಬಳಕೆಯಾಗುವ ಥ್ರೆಡ್ಡಿಗೆ 28 ಸುತ್ತು. ಒಂದು ಇನ್ನೊಂದಕ್ಕೆ ಕೆಲವು ಸುತ್ತು ಹಿಡಿಯುತ್ತದೆ, ಬಿಗಿಯಾದಂತೆಯೂ ತೋರುತ್ತದೆ, ಬಿಸಿಯೇರಿದಾಗ ಸೋರುತ್ತದೆ. ಭಾರವಾದ ಸೆನ್ಸರನ್ನು ಹಿತ್ತಾಳೆಯ ಕವಲಿನ ತುದಿಗೆ ನೇರವಾಗಿ ತೂಗಹಾಕಿದರೆ ಎಂಜಿನ್ನಿನ ಅದುರಾಟಕ್ಕೆ ಆ ಕವಲು ಸೀಳಬಹುದು. ಕೆಂಪಗೆ ಕಾದ ಟರ್ಬೋವಿನ ಮೇಲೆ ಒತ್ತಡದ ಎಣ್ಣೆ ಚಿಮ್ಮಿದರೆ ಬೆಂಕಿ ಹತ್ತುವುದಕ್ಕೆ ಮತ್ತೇನೂ ಬೇಕಿಲ್ಲ. ಎಂಜಿನ್ನನ್ನು ಕಾಪಾಡಲೆಂದು ಹಾಕಿದ ಗೇಜೇ ಅದನ್ನು ಸುಡುವ ಸಂಭವ ಇಲ್ಲಿದೆ. ಬಾಗುವ ಗಟ್ಟಿ ಕೊಳವೆಯ ಮೂಲಕ ಸೆನ್ಸರನ್ನು ದೂರದಲ್ಲಿ ಭದ್ರವಾಗಿ ಕಟ್ಟುವುದು, ಇಲ್ಲವೆ ಎಣ್ಣೆಯ ಫಿಲ್ಟರಿನ ಹಿಂದೆ ಕೂರುವ ಪಟ್ಟಿಯೊಂದರಲ್ಲಿ ಅದನ್ನು ನೆಡುವುದು ಕ್ಷೇಮ. ಬಿಸಿ ಎಣ್ಣೆಯ ಕೊಳವೆಯನ್ನೇ ಸವಾರರ ಮುಂದಿನವರೆಗೆ ಎಳೆದು ತರುವ ಬಗೆಯ ಗೇಜನ್ನು ನಾವು ಯಾರಿಗೂ ಹೇಳಲಾರೆವು. ಅಪಘಾತದಲ್ಲಿ ಗಾಳಿಚೀಲ ಬಿಚ್ಚಿಕೊಳ್ಳುವ ಎಡೆಯಲ್ಲಿ ಗೇಜನ್ನು ಅಂಟಿಸಬಾರದು. ತಂತಿಗೆ ಫ್ಯೂಸು ಇರಲೇಬೇಕು. ಕಾರಿನೊಡನೆ ಬಂದ ದೀಪದ ಸ್ವಿಚ್ಚನ್ನು ಎಂದಿಗೂ ಕಿತ್ತುಹಾಕಬಾರದು. ರಸ್ತೆಯ ಮೇಲೆ ನೆಟ್ಟ ಕಣ್ಣನ್ನು ದೀಪವು ಕರೆಯಬಲ್ಲದು, ಮುಳ್ಳು ಕರೆಯಲಾರದು. ಇಷ್ಟನ್ನು ನಿರ್ವಹಿಸುವ ಕೈಚಳಕ ತಮಗಿಲ್ಲವೆಂದು ತೋರಿದವರು ಪಳಗಿದ ಮೆಕ್ಯಾನಿಕನ ಕೈಯಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ಕಲಿಯುವುದು ಅವಮಾನವಲ್ಲ.

ಜೋಡಿಸಿದ ಮೇಲೆ ಗೇಜನ್ನು ಪರೀಕ್ಷಿಸಬೇಕು. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಸೊಗಸಾದ ಪ್ರಯೋಗ ಇನ್ನೊಂದಿಲ್ಲ. ಎಂಜಿನ್ನು ನಿಂತಿರುವಾಗ ಒತ್ತಡದ ಮುಳ್ಳು ಸೊನ್ನೆಯಲ್ಲಿದೆಯೆ? ಪರಿಶೋಧಿಸಿದ ಬೇರೊಂದು ಗೇಜಿನೊಡನೆ ಅದರ ಮಾತು ತಾಳೆಯಾಗುತ್ತದೆಯೆ? ಉಷ್ಣತೆಯ ಸೆನ್ಸರನ್ನು ಕಾರಿಗೆ ಹಾಕುವ ಮೊದಲೇ ಕುದಿಯುವ ನೀರಿನಲ್ಲಿ ಅದ್ದಿ ನೋಡಬಹುದು. ಆದರೆ ಎಚ್ಚರಿಕೆ! ಮಂಗಳೂರಿನ ವಿದ್ಯಾರ್ಥಿಗೆ ಗೇಜು 100 ತೋರಿಸಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನ ವಿದ್ಯಾರ್ಥಿಗೆ ಸುಮಾರು 97 ತೋರಿಸಿದರೆ ಅದೇ ಸರಿ. ಬೆಂಗಳೂರಿನಲ್ಲಿ 100 ಬಂದಿತೆಂದು ಸಂತೋಷಪಟ್ಟವನು ಗೇಜಿನ ತಪ್ಪನ್ನೇ ಮೆಚ್ಚಿಕೊಂಡಂತಾಯಿತು.

ಅನಂತರ ಒಂದು ನೋಟುಪುಸ್ತಕವನ್ನಿಡಬೇಕು. ಈ ಎಂಜಿನ್ನು, ಈ ಎಣ್ಣೆ, ಇಷ್ಟು ಉಷ್ಣತೆ, ಇಷ್ಟು ಸುತ್ತು, ಆಗ ಇಷ್ಟು ಒತ್ತಡ ಎಂದು ಕೆಲವು ತಿಂಗಳು ಬರೆದಿಟ್ಟವನಿಗೆ ತನ್ನ ಎಂಜಿನ್ನಿನ ಸಹಜಸ್ಥಿತಿ ಏನೆಂದು ತಿಳಿಯುತ್ತದೆ. ಮುಂದೊಂದು ದಿನ ಅದೇ ಉಷ್ಣತೆಯಲ್ಲಿ, ಅದೇ ಸುತ್ತಿನಲ್ಲಿ ಮುಳ್ಳು ಅರ್ಧ ಬಾರ್ ಕೆಳಗೆ ನಿಂತರೆ ಅವನು ಕೂಡಲೇ ಕಾರಣವನ್ನು ಹುಡುಕುತ್ತಾನೆ: ಎಣ್ಣೆ ಹಳತಾಯಿತೆ, ಕಡಮೆಯಾಯಿತೆ, ಪಂಪು ಸವೆಯಿತೆ? ಕೆಂಪು ದೀಪ ಆಗಿನ್ನೂ ನಿದ್ರಿಸುತ್ತಿರುತ್ತದೆ. ಗೇಜಿಗೆ ತೆತ್ತ ಹಣಕ್ಕೆ ಬೆಲೆ ಬರುವುದು ಆ ದಿನ. ಪುಸ್ತಕವಿಲ್ಲದವನಿಗೆ ಆ ಮುಳ್ಳು ಕತ್ತಲಲ್ಲಿ ಮಿನುಗುವ ಆಭರಣವಷ್ಟೆ.

ನಿಜವನ್ನು ತೋರಿಸದ ಗೇಜನ್ನು ಮಾಡಿ ಮಾರುವುದು ಬುದ್ಧಿಯುಳ್ಳ ಜನರಿಗೆ ಮಾಡುವ ಅಗೌರವ. ನಿಜವನ್ನು ತೋರಿಸುವ ಗೇಜನ್ನು ತಂದು, ತಪ್ಪಾಗಿ ಜೋಡಿಸಿ, ಓದದೆ ಬಿಡುವುದು ನಮಗೆ ನಾವೇ ಮಾಡಿಕೊಳ್ಳುವ ಅಗೌರವ. ಟವರನ ಮಾಪಕದ ಮುಳ್ಳು 200ನ್ನು ದಾಟಿದಾಗ ಮಾಪಕ ಕೆಟ್ಟಿದೆಯೆಂದು ಅವನು ಅದನ್ನು ಬಿಚ್ಚಿ ಎಸೆಯಲಿಲ್ಲ. ಮುಳ್ಳು ಏನನ್ನೋ ಹೇಳುತ್ತಿದೆಯೆಂದು ತಿಳಿದು ವರದಿ ಬರೆದನು. ನಮ್ಮ ತರುಣರೂ ಗೇಜನ್ನು ಜೋಡಿಸಲಿ. ಜೋಡಿಸುವ ಮುನ್ನ ನೋಟುಪುಸ್ತಕವೊಂದನ್ನು ಕೊಂಡಿರಲಿ.